ಕರಡಿಯ ಆಕಳಿಕೆ

"ಈ ಮೊಲ ಒಂದಾದ್ರೂ ಇರ್ಲಿ ಬಿಡಿ ಅತ್ತಿಗೆ" ಎಂದು ನಾದಿನಿ ಗೋಗರೆಯುವಷ್ಟರಲ್ಲಿ ಅತ್ತಿಗೆ ಮೊಲವನ್ನು ಅಳಿಸಿಯೇ ಬಿಟ್ಟಿದ್ದಳು. ಅದಕ್ಕೂ ಮುಂಚೆ ನರಿ ಹೋಗಿತ್ತು, ಬಾತುಕೋಳಿಗಳ ಸಂಸಾರ ಹೋಗಿತ್ತು, ಹಿಂದಿದ್ದ ಗುಡ್ಡ, ಚಂದ್ರ, ನಕ್ಷತ್ರಗಳೂ ಗಂಟುಮೂಟೆ ಕಟ್ಟಿದ್ದವು. ಒಂದೊಂದು ಪ್ರಾಣಿ ಕಂಪ್ಯೂಟರ್ ಪರದೆಯಿಂದ ಮಾಯವಾದಾಗಲೂ, ತನ್ನ ಮಕ್ಕಳನ್ನೇ ಯಾರೋ ಗ್ರೂಪ್ ಫೋಟೋದಿಂದ ಎಬ್ಬಿಸಿ ಕಳಿಸಿದಂತೆ ನಾದಿನಿಯ ಮುಖ ಸಣ್ಣಗಾಗುತ್ತಿತ್ತು. ಅವಕ್ಕೆಲ್ಲ ನಡೆಯಲು, ಜಿಗಿಯಲು ಕಲಿಸಿದವಳು ಅವಳೇ ತಾನೆ.

ಅತ್ತಿಗೆ ಚಿತ್ರ ಬರೆದು, ನಾದಿನಿ ಪ್ರೋಗ್ರಾಂ ಬರೆದು, ಇಬ್ಬರೇ ಸೇರಿ ಮಾಡಿದ ವಿಡಿಯೋ ಗೇಮ್ ಅದು. ಆಟ ಬಲು ಸರಳ. ನಿದ್ದೆ ಬಾರದ ಕಾಡಿನ ಪ್ರಾಣಿಗಳನ್ನೆಲ್ಲ ಹೊದಿಕೆ ಹೊದಿಸಿ ಮಲಗಿಸಬೇಕು; ಕೊನೆಗೆ ಮಲಗುವುದು ಕರಡಿ. ಅಂದು ಸಂಜೆಯೊಳಗೆ ಆನ್‌ಲೈನ್ ಅಂಗಡಿಗೆ ಅದರ ಮುಖಚಿತ್ರ ಕಳಿಸಬೇಕಿತ್ತು. ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಾಣುವ ಚಿತ್ರ; ಅದನ್ನು ನೋಡಿ ಜನ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದಿನ ಆಟಕ್ಕೆ ಅತ್ತಿಗೆ ಎಲೆಎಲೆಯನ್ನೂ ಬಿಡದೆ ಒಂದು ಇಡೀ ಕಾಡನ್ನೇ ಬರೆದಿದ್ದಳು. ಉಗುರಿನಷ್ಟಾದ ಮೇಲೆ ಅದು ಬಣ್ಣ ಒರೆಸಿದ ಬಟ್ಟೆಯಂತೆ ಕಂಡಿತು. ಆಡಿದವರೆಲ್ಲ ಹಾಡಿ ಹೊಗಳಿದರು, ಆದರೆ ಆಡಿದವರು ನೆಂಟರು ಮಾತ್ರ. ಇದೂ ನೆಲಕಚ್ಚಿದರೆ ಆಟ ಮಾಡುವ ಸಹವಾಸವೇ ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ನಾದಿನಿ ವಿಮಾ ಕಂಪನಿಯ ಕೆಲಸಕ್ಕೆ ಮರಳುವುದು, ಅತ್ತಿಗೆ ತನ್ನ ಹಳೆಯ ಕೆಲಸಕ್ಕೆ, ಅಂದರೆ ಟೂತ್‌ಪೇಸ್ಟ್ ಡಬ್ಬಿಗಳ ಮೇಲೆ ನಗುವ ಬಾಯಿ ಬರೆಯುವುದಕ್ಕೆ.

ಈ ಸಲ ಚಿತ್ರದಲ್ಲಿ ಉಳಿದದ್ದು ಕರಡಿಯ ಮುಖ ಒಂದೇ. ಹಳದಿ ಹಿನ್ನೆಲೆ, ಬಾಯಿ ಅಗಲಿಸಿ ಆಕಳಿಸುವ ಕರಡಿ. ದೊಡ್ಡ ಪರದೆಯಲ್ಲಿ ಅದು ಎಷ್ಟು ಮುದ್ದಾಗಿತ್ತೆಂದರೆ ಮೊಲದ ದುಃಖದಲ್ಲಿದ್ದ ನಾದಿನಿಯೂ ತಲೆದೂಗಿದಳು. ಅತ್ತಿಗೆ ಅದನ್ನು ಉಗುರಿನಷ್ಟೇ ಚಿಕ್ಕದಾಗಿ ಪ್ರಿಂಟ್ ಮಾಡಿ, ಬೇರೆಯವರ ಆಟಗಳ ಅಷ್ಟೇ ಚಿಕ್ಕ ಚಿತ್ರಗಳ ನಡುವೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನೀರು ಕುಡಿಯಲು ಬಂದವರ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಕದ್ದು ನೋಡಬೇಕು, ತಮ್ಮದು ಯಾವುದೆಂದು ಬಾಯಿಬಿಡಬಾರದು. ಈ ಪರೀಕ್ಷೆಗೆ ಮನೆಯಲ್ಲಿ ತಕ್ಕವರು ಒಬ್ಬರೇ: ಅತ್ತೆ, ನಾದಿನಿಯ ಅಮ್ಮ. ಅವರು ಆಟವನ್ನು ಒಮ್ಮೆಯೂ ಇಣುಕಿ ನೋಡಿದವರಲ್ಲ, ಮುಖಸ್ತುತಿಯಂತೂ ಗೊತ್ತೇ ಇಲ್ಲ. ಸೊಸೆಯನ್ನು ಮಗಳಂತೆಯೇ ಕಾಣುತ್ತಿದ್ದರು, ಅಂದರೆ ಇಬ್ಬರಿಗೂ ಸಮನಾಗಿ ಬೈಯುತ್ತಿದ್ದರು.

ಮಧ್ಯಾಹ್ನದ ಊಟ ಮುಗಿಸಿದ ಅತ್ತೆ ಫ್ರಿಜ್ಜಿನ ಮುಂದೆ ಬಂದು ನಿಂತರು. ಕಣ್ಣು ನೇರವಾಗಿ ಕರಡಿಯ ಮೇಲೆಯೇ ಹೋಯಿತು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಾದಿನಿ ಖುಷಿಗೆ ಅತ್ತಿಗೆಯ ಕೈ ಚಿವುಟಿದಳು.

"ಈ ಕರಡಿ ಯಾಕೆ ಹೀಗೆ ಕಚ್ಚೋಕೆ ಬರ್ತಿದೆ?" ಎಂದು ಅತ್ತೆ ನೀರಿನ ಬಾಟಲಿ ತೆಗೆದುಕೊಂಡು ಮಲಗಲು ಹೋದರು.

ಅತ್ತಿಗೆ ಫ್ರಿಜ್ಜಿನತ್ತ ಓಡಿದಳು. ಹತ್ತಿರ ಹೋಗಿ ನೋಡಿದರೆ ಆಕಳಿಕೆ ಎಲ್ಲಿ ಅಡಗಿತ್ತೋ, ಕಾಣುತ್ತಿದ್ದದ್ದು ಬರೀ ಹಲ್ಲು. ಒಂದಕ್ಕಿಂತ ಒಂದು ಬಿಳುಪು, ಮೇಲಿನ ಸಾಲಿನಲ್ಲಿ ಫಳಫಳ ಹೊಳೆಯುವ ಚುಕ್ಕೆ ಬೇರೆ. ವರ್ಷಗಟ್ಟಲೆ ಡಬ್ಬಿಗಳ ಮೇಲೆ ಬಾಯಿ ಬರೆದ ಕೈ, ಅವಳನ್ನು ಒಂದು ಮಾತೂ ಕೇಳದೆ, ಕರಡಿಯನ್ನೂ ಟೂತ್‌ಪೇಸ್ಟಿನ ಜಾಹೀರಾತಿಗೆ ನಿಲ್ಲಿಸಿತ್ತು. ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಹಲ್ಲುಜ್ಜಿ ಮಲಗುವ ಕರಡಿ ಅಂದುಕೊಳ್ಳಲಿ ಬಿಡಿ ಎಂದು ಸಮಾಧಾನ ಹೇಳಲು ಹೊರಟ ನಾದಿನಿ, ಗಡಿಯಾರ ನೋಡಿ ಅತ್ತಿಗೆಗೆ ಕುರ್ಚಿ ಎಳೆದುಕೊಟ್ಟಳು.

ಅತ್ತಿಗೆ ಮತ್ತೆ ಕೂತಳು. ಒಂದೂ ಬಿಡದೆ ಹಲ್ಲು ಕಿತ್ತಳು. ಆ ಜಾಗದಲ್ಲಿ ಒಂದು ಗುಲಾಬಿ ನಾಲಿಗೆ ಬಂತು, ಕಣ್ಣುಗಳು ಎರಡು ಗೆರೆಗಳಾದವು, ತಲೆ ಒಂಚೂರು ಓರೆಯಾಯಿತು, ಗಲ್ಲದವರೆಗೆ ಹೊದಿಕೆ ಏರಿತು. ಹೊದಿಕೆಯ ಮೂಲೆಯಲ್ಲಿ, ಜಗತ್ತಿನಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಪುಟ್ಟದಾಗಿ, ನಾದಿನಿಗೆಂದೇ ಒಂದು ಮೊಲ. ಹಳೆಯದನ್ನು ಕಿತ್ತು, ಹೊಸ ಚಿತ್ರವನ್ನು ಉಗುರಿನಷ್ಟೇ ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದಳು.

ಅತ್ತೆ ಸೊಗಸಾಗಿ ನಿದ್ದೆ ಮಾಡಿ ಎದ್ದು, ಮುಖ ತೊಳೆದು, ಬಾಟಲಿ ವಾಪಸ್ ಇಡಲು ಬಂದರು. ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದವರು ಹಾಗೇ ನಿಂತರು. ಮರೆಯಲ್ಲಿದ್ದ ಇಬ್ಬರೂ ಕತ್ತು ಚಾಚಿದರು. ಅತ್ತೆಯ ಬಾಯಿ ನಿಧಾನಕ್ಕೆ ತೆರೆಯಿತು. ಬೈಗುಳಕ್ಕೆ ಸಿದ್ಧವಾಗಿದ್ದ ಇಬ್ಬರಿಗೂ ಸಿಕ್ಕಿದ್ದು, ಕೈ ಅಡ್ಡ ಹಿಡಿಯಲೂ ಪುರುಸೊತ್ತು ಕೊಡದ ಒಂದು ಭಾರೀ ಆಕಳಿಕೆ.

"ಈಗ ತಾನೆ ಎದ್ದು ಬಂದಿದ್ದೀನಿ, ಮತ್ತೆ ಯಾಕೆ ನಿದ್ದೆ ಬರ್ತಿದೆ?" ಎಂದು ಅವರು ತಮಗೆ ತಾವೇ ಗೊಣಗಿಕೊಂಡರು.

ಅತ್ತಿಗೆಗೆ ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಕಳಿಸಿಬಿಡ್ಲೇನೇ?" ಎಂದು ಪಿಸುಗುಟ್ಟಿದಳು. ತಿರುಗಿ ನೋಡಿದರೆ ನಾದಿನಿ, ಹೂಂ ಎನ್ನಲು ತೆರೆದ ಬಾಯಿಯನ್ನು ಮುಚ್ಚಲಾಗದೆ, ಆಕಳಿಸುತ್ತಾ ಕಣ್ಣಲ್ಲಿ ನೀರು ತುಂಬಿಕೊಂಡು, ಎರಡೂ ಕೈ ಬೀಸಿ ಕಳಿಸಿ ಕಳಿಸಿ ಎಂದು ಸನ್ನೆ ಮಾಡುತ್ತಿದ್ದಳು.