ದೆವ್ವವಿಲ್ಲದ ಧಾರಾವಾಹಿ

ಸಂಜೆ ಏಳೂವರೆಗೆ ರುಕ್ಮಾಂಗದರಾಯರು ಎಂದಿನಂತೆ ಗೋಡೆಯೊಳಗಿಂದ ಬಂದು ಚಾಪೆಯ ಮೇಲೆ ಕುಳಿತರು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸತ್ತವರೆಲ್ಲ ಹೀಗೆ ಬಂದುಹೋಗತೊಡಗಿದ ಮೇಲೆ ಊರಲ್ಲಿ ಯಾರೂ ಹೆಣದ ಮುಂದೆ ಅಳುತ್ತಿರಲಿಲ್ಲ. ಹೆಂಡತಿ ಪಂಕಜಾಕ್ಷಮ್ಮನೂ ಅತ್ತಿರಲಿಲ್ಲ. ಹನ್ನೊಂದನೆಯ ದಿನವೇ ರಾಯರು ಧಾರಾವಾಹಿ ನೋಡಲು ಹಾಜರಾಗಿದ್ದರು.

"ಇವತ್ತು ಯಾವ ದೆವ್ವದ ಕಥೆ?"

"ದೆವ್ವ ಇಲ್ಲ ರೀ. ವಠಾರದಲ್ಲಿದ್ದಾಗ ನೋಡ್ತಿದ್ವಲ್ಲ, ಆ ಹಳೇದನ್ನ ಮತ್ತೆ ಹಾಕ್ತಿದಾರೆ" ಎಂದು ಪಂಕಜಾಕ್ಷಮ್ಮ ನೆನೆಸಿದ ಅವರೆಕಾಳು ಹಿತುಕುತ್ತ ಕುಳಿತರು.

ಆಗ ಇಡೀ ವಠಾರಕ್ಕೆ ಒಂದೇ ಟಿವಿ. ಅವರೆಕಾಯಿ ಬರುವ ಕಾಲದಲ್ಲಿ ಎಲ್ಲರ ಮಡಿಲಲ್ಲೂ ಕಾಳಿನ ಬಟ್ಟಲು. ರಾಯರು ಹಿತುಕಿದ ಕಾಳು ಮಾತ್ರ ಹಾರಿ ಟಿವಿಯೊಳಗಿನ ನಾಯಕಿಯ ಮೂಗಿಗೇ ಬಡಿಯುತ್ತಿತ್ತು.

ಟಿವಿಯಲ್ಲಿ ನಾಯಕ ಸತ್ತ. ಮುಂದಿನ ದೃಶ್ಯದಲ್ಲಿ ಅವನ ಕುರ್ಚಿ ಖಾಲಿಯಿತ್ತು.

"ಇವನು ವಾಪಸ್ ಬರೋದು ಯಾವಾಗ?"

"ಬರಲ್ಲ. ಅದಕ್ಕೇ ಅವತ್ತು ವಠಾರಕ್ಕೆ ವಠಾರವೇ ಅತ್ತಿತ್ತು, ಮರೆತ್ರಾ?"

"ಏನೇ ಹೇಳು, ದೆವ್ವ ಬಂದ್ರೇನೇ ಮಜಾ."

"ಹೋದೋರು ಹೋದ ಹಾಗೇ ಬಂದ್ಬಿಟ್ರೆ ಕಥೇಲಿ ಏನ್ರೀ ಉಳಿಯುತ್ತೆ?"

ಅಷ್ಟರಲ್ಲಿ ಪಂಕಜಾಕ್ಷಮ್ಮನ ಬೆರಳಿಂದ ಕಾಳೊಂದು ಜಾರಿ ಹಾರಿತು. ರಾಯರ ಎದೆಯೊಳಗೆ ಹೊಕ್ಕು, ಬೆನ್ನಿಂದ ಹೊರಬಿದ್ದು, ಹಿಂದಿನ ಗೋಡೆಗೆ ಟಪ್ಪೆಂದು ಬಡಿಯಿತು. ರಾಯರು ವಠಾರದಲ್ಲಿ ನಗುತ್ತಿದ್ದ ಹಾಗೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಂಕಜಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಳ್ತಿದೀಯೇನೇ? ಸೀರಿಯಲ್ ಕಣೇ ಅದು!"

"ಹೂಂ ರೀ" ಎಂದರು ಅವರು, ಗೋಡೆಯ ಬುಡದಲ್ಲಿ ಬಿದ್ದಿದ್ದ ಕಾಳನ್ನೇ ನೋಡುತ್ತ. "ಸೀರಿಯಲ್ ನೋಡೇ ಅಳ್ತಿರೋದು."