ಮಣ್ಣಿಗೆ ಮೊದಲು

ಹನ್ನೊಂದು ವರ್ಷದ ಮಗಳು ನಸುಕಿನಲ್ಲಿ ತೀರಿಕೊಂಡಿದ್ದಳು. ಅವರಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುವುದು ಪದ್ಧತಿ. ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಬಟ್ಟೆಯಿಂದ ಬಿಗಿದು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು.

ಉಳಿದದ್ದನ್ನೆಲ್ಲ ತಾಯಿಯೇ ಹೇಳಿ ಮಾಡಿಸಿದಳು. ಹೊಸ ಸೀರೆ ಬೇಡ, ಅವಳ ಹಳದಿ ಫ್ರಾಕೇ ಇರಲಿ. ಚೆಂಡುಹೂವಿನ ವಾಸನೆಗೆ ಅವಳಿಗೆ ಸೀನು ಬರುತ್ತಿತ್ತು, ಮಲ್ಲಿಗೆ ತರಿಸಿ. ತಾಳದ ಸದ್ದಿಗೆ ಬೆಚ್ಚುತ್ತಿದ್ದಳು, ಭಜನೆಯವರು ಮೆಲ್ಲಗೆ ಹಾಡಲಿ.

“ಏನವಾ, ಮಗಳ ಮದುವಿ ಮಾಡಾಕತ್ತೀಯೇನು?” ಎಂದಳು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ಸೊಸೆ ಮಗಳ ಫ್ರಾಕಿನ ಅಂಚು ಸರಿಮಾಡಿದಳು.

ಮಧ್ಯಾಹ್ನ ಗಂಡನ ಕಾಕಾ ಬಂದ. “ಕುಣಿ ತೋಡೂದು ಮುಗದೇತಿ. ಎತ್ತೂಣೇನವಾ?”

“ಇನ್ನೊಂದೀಟು ಹೊತ್ತು ಇರಲಿ ಬಿಡ್ರಿ, ಕಾಕಾ.”

“ಯಾರರ ಬರೂದೈತೇನು?”

“ಯಾರೂ ಇಲ್ರಿ.”

“ಮತ್ತ ಸುಮ್ಮನ ಯಾಕ ಕಾಯಿಸ್ತಿ? ಕೂಸಿನ ಮಾರಿಗೆ ಬಿಸಲು ಬಡ್ಯಾಕತ್ತೇತಿ.”

ತಾಯಿ ಬಿಸಿಲಿಗೆ ಅಡ್ಡವಾಗಿ, ಮಗಳ ಎದುರಿಗೆ ಕೂತಳು.

“ಹುಟ್ಟಿದಾಗಿಂದ ಮಲಗೇ ಇದ್ದಾಕಿ ರೀ, ಕಾಕಾ. ಇವತ್ತ ಮೊದಲನೇ ಸಲ ಕುಂತಾಳ.”