ಒಳಗಿನ ಸರಳು

ಚಾವಣಿ ಹೊತ್ತ ಕೊನೆಯ ಕಂಬವನ್ನೂ ಕೊಯ್ದಾಗ ೧೯೫೦ರ ಮರ್ಕ್ಯುರಿ ಕಾರಿನ ಚಾವಣಿ, ಪೆಟ್ಟಿಗೆಯ ಮುಚ್ಚಳದಂತೆ, ಚೆಲೋಳ ಕೈಗೆ ಬಂತು. ಹಳೇ ಕಾರಿಗೆ ತಗ್ಗು ಚಾವಣಿಯ ಸೊಗಸು ಬರಲು ಇನ್ನು ಅದನ್ನು ನಾಲ್ಕು ಇಂಚು ತಗ್ಗಿಸಿ ಮತ್ತೆ ಕೂರಿಸಬೇಕು. “ಇನ್ಮೇಲೆ ಟೋಪಿ ತೆಗೆದೇ ಒಳಗೆ ಕೂರ್ಬೇಕು ಮಾವ!” ಎಂದು ಇನ್ನೊಂದು ತುದಿ ಹಿಡಿದಿದ್ದ ಅತ್ತೆಯ ಮಗ ಟಾಚೋ ನಕ್ಕ.

“ನಿನ್ನ ತಲೇನೂ ನಾಲ್ಕಿಂಚು ಕೊಯ್ತೀನಿ, ಸುಮ್ನಿರೋ,” ಎಂದ ಅಪ್ಪ ಯುಸೇಬಿಯೋ. ಚೆಲೋಳ ಎದೆ ಅರಳಿತು. ಅಪ್ಪನ ಮರೆವಿನ ರೋಗ ವಾಸಿಯಾಗುವಂಥದ್ದಲ್ಲ ಎಂದಿದ್ದರು ಡಾಕ್ಟರು. ಹೆಸರುಗಳು ಮರೆತರೇನು, ಕೈಗೆ ಕೆಲಸ ಮರೆತೀತೇ ಎಂದು ಹಟ ಹಿಡಿದು ಅವಳೇ ಅವನನ್ನು ಶೆಡ್ಡಿಗೆ ಕರೆತಂದಿದ್ದಳು.

ಚಾವಣಿ ಕೆಳಗಿಟ್ಟು ಕಾರಿನ ಬಾಗಿಲು ಹಾಕಲು ಹೋದಳು. ಬಾಗಿಲು ಕೂರಲಿಲ್ಲ. ಇಣುಕಿ ನೋಡಿದರೆ, ಕಾರಿನ ಮೈ ಕುಸಿಯದಂತೆ ಕೊಯ್ಯುವ ಮೊದಲೇ ಒಳಗೆ ಅಡ್ಡಡ್ಡ ಬೆಸೆಯುವ ಸರಳು ಒಂದೂ ಇರಲಿಲ್ಲ. ಬಾಯ್ಲ್ ಹೈಟ್ಸ್ ಬಡಾವಣೆಯ ಈ ಶೆಡ್ಡಿನಲ್ಲಿ ನಲವತ್ತು ವರ್ಷ ಅದನ್ನು ಬೆಸೆಯದೆ ಗರಗಸ ಮುಟ್ಟದವನು ಅಪ್ಪ. ಆ ನಂಬಿಕೆಯಲ್ಲೇ ಅವಳು ಬೆಳಗ್ಗೆ ಒಳಗೆ ನೋಡಿರಲಿಲ್ಲ.

ಯುಸೇಬಿಯೋ ಬಂದು ಬಾಗಿಲ ಸಂದಿನಲ್ಲಿ ಬೆರಳಾಡಿಸಿದ. ಮುಖ ಕೆಂಪಾಯಿತು. “ಸರಳು ಹಾಕ್ದೆ ಕೊಯ್ದಿದಾರಲ್ಲ ಮಗಳೇ! ಯಾವ ಮುಠ್ಠಾಳ ಮಾಡಿದ್ದಿದು?”

ಬಿಸಿ ಆರದ ಗರಗಸ ಇನ್ನೂ ಅವನ ಕೈಯಲ್ಲೇ ಇತ್ತು.